ಕಿನ್ನರಿಯ ಎಡಗೈ

ಪುಸ್ತಕಗಳಿಗೆ ಚಿತ್ರ ಬರೆದು ಜೀವನ ಮಾಡುತ್ತೇವೆಂದು ಹೊರಟಿರುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾರು ಕಳಿಸುತ್ತಾರೋ, ಪಾಪ. ಮೂವತ್ತು ಚಿಲ್ಲರೆ ವರ್ಷ ಪ್ರೆಸ್ಸುಗಳಲ್ಲಿ ಬ್ಲಾಕ್ ಕೆತ್ತಿದ ಮುದುಕನಿಗೆ ಏನಾದರೂ ಗುಟ್ಟು ಗೊತ್ತಿರಲೇಬೇಕು ಎಂದು ಅವರ ನಂಬಿಕೆ. ನನ್ನ ಹೆಂಡತಿಗೆ ಅಂಥ ನಂಬಿಕೆ ಏನೂ ಇಲ್ಲ. ಕಾಫಿ ತಂದಿಟ್ಟು, "ಇವರು ಏನು ಹೇಳ್ತಾರೋ ಅದಕ್ಕೆ ಉಲ್ಟಾ ಮಾಡಿ, ಸರಿಯಾಗುತ್ತೆ" ಎಂದು ಹೇಳಿ ಒಳಗೆ ಹೋಗುತ್ತಾಳೆ. ಮಕ್ಕಳು ನಗುತ್ತಾರೆ. ಅವಳು ತಮಾಷೆಗೆ ಹೇಳಿದ್ದಲ್ಲ ಎಂಬುದು ನನಗೆ ಗೊತ್ತು.

ಬಂದವರಿಗೆಲ್ಲ ಅದೇ ಕಥೆ ಹೇಳಿ ಹೇಳಿ ಬಾಯಿ ನೋಯುತ್ತಿರುವುದರಿಂದ ಬರೆದೇ ಇಡುತ್ತಿದ್ದೇನೆ. ಇದರಲ್ಲಿ ನನ್ನ ಬಡ್ತಿಗಳ ವಿಷಯ ಇಲ್ಲ. ಬಂದದ್ದು ಒಂದೇ ಬಡ್ತಿ, ಅದೂ ನನ್ನ ಮೇಲಿದ್ದವರು ಕೆಲಸ ಬಿಟ್ಟು ಹೋದದ್ದರಿಂದ. ತಪ್ಪುಗಳ ವಿಷಯಕ್ಕೆ ಮಾತ್ರ ಬರ ಇಲ್ಲ.

ನಾನು ಪುಟ್ಟೇನಹಳ್ಳಿಯವನು. ಕೆರೆಯ ಹಿಂದೆ ನಮ್ಮ ಹೊಲ. ಐವತ್ತರ ದಶಕದ ಕೊನೆಯಲ್ಲಿ ಜಯನಗರದಲ್ಲಿ ಮೊದಲು ರಸ್ತೆ ಬರುತ್ತಿತ್ತು, ಮನೆ ಆಮೇಲೆ ಬರುತ್ತಿತ್ತು. ನಡುವೆ ಸಿಕ್ಕ ಕಾಲದಲ್ಲಿ ನಮ್ಮೂರಿನವರು ಆ ರಸ್ತೆಗಳ ಮೇಲೆ ಹುರುಳಿ ಒಣಹಾಕುತ್ತಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನನಗೆ ಮರ ಕೆತ್ತುವ ಸಣ್ಣ ಉಳಿ ಹಿಡಿಯಲು ಕಲಿಸಿದ್ದರು. ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸಾಗಿದ್ದೆ. ಹೈಯರ್ ಪರೀಕ್ಷೆಯಲ್ಲಿ ಕುದುರೆ ಬರೆಯಲು ಹೇಳಿದ್ದರಿಂದ ಫೇಲಾಗಿದ್ದೆ. ಇಷ್ಟು ಯೋಗ್ಯತೆ ಹೊತ್ತುಕೊಂಡು ಒಂದು ದಿನ ಸೈಕಲ್ ತುಳಿದು ರಾಯರ ಪ್ರೆಸ್ಸಿಗೆ ಹೋದೆ.

ರಾಯರು ಜಯನಗರದಲ್ಲಿ ಹೊಸ ಮನೆ ಕಟ್ಟಿಸಿ, ಹಿತ್ತಲಲ್ಲಿ ಶೀಟಿನ ಶೆಡ್ ಹಾಕಿ, ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಷಿನ್ ಇಟ್ಟಿದ್ದರು. ಅಚ್ಚಿನ ಮೊಳೆ ಜೋಡಿಸಲು ದೊರೆಸ್ವಾಮಿ ಎಂಬ ಕಂಪಾಸಿಟರ್ ಇದ್ದರು. ಚಿತ್ರದ ಬ್ಲಾಕ್ ಬೇಕಾದಾಗಲೆಲ್ಲ ರಾಯರು ಪೇಟೆಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಸತುವಿನ ಬ್ಲಾಕ್ ಮಾಡುವವನು ಇವತ್ತು ನಾಳೆ ಎಂದು ಸತಾಯಿಸುತ್ತಿದ್ದ. ಮರದಲ್ಲಿ ಕೆತ್ತುವವನೊಬ್ಬ ಕೈಗೆ ಸಿಕ್ಕರೆ ಪೇಟೆಯ ಹಂಗು ತಪ್ಪುತ್ತದೆಂದು ಅವರ ಲೆಕ್ಕ.

"ಕೈ ತೋರ್ಸು" ಅಂದರು. ತೋರಿಸಿದೆ. ಎರಡೂ ಕೈ ತಿರುಗಿಸಿ ಮುರುಗಿಸಿ ನೋಡಿದರು.

"ಹತ್ತು ಬೆರಳೂ ನೆಟ್ಟಗಿದೆ. ಹಾಗಾದ್ರೆ ನೀನಿನ್ನೂ ಕೆಲಸ ಕಲಿತಿಲ್ಲ ಅಂತಾಯ್ತು" ಎಂದು ಹೇಳಿ ಸೇರಿಸಿಕೊಂಡರು.

ಈಗಿನ ಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮರದ ಮೇಲೆ ಕೆತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಬೀಳುತ್ತದೆ. ಆದ್ದರಿಂದ ಮೊದಲು ಚಿತ್ರವನ್ನು ತೆಳು ಕಾಗದದ ಮೇಲೆ ಬರೆದುಕೊಂಡು, ಆ ಕಾಗದವನ್ನು ಮಗುಚಿ ಮರದ ಮೇಲಿಟ್ಟು, ಉಜ್ಜಿ ಗೆರೆ ಇಳಿಸಿಕೊಳ್ಳಬೇಕು. ಆಮೇಲೆ ಉಳಿ. ಒಂದು ಸಲ ಮಗುಚುವುದು. ಒಂದೇ ಒಂದು ಸಲ. ನೀವು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಮಾಡುತ್ತೀರಿ. ನೆನಪಿಟ್ಟುಕೊಳ್ಳಲು ವಿಶೇಷ ಬುದ್ಧಿ ಬೇಕಾದ ಸಂಗತಿ ಇದಲ್ಲ. ನಾನು ಇದನ್ನು ಮೊದಲು ಮರೆತದ್ದು ಕೆಲಸಕ್ಕೆ ಸೇರಿದ ಎರಡನೇ ತಿಂಗಳು.

ಬಸವನಗುಡಿಯ ಒಂದು ಮನೆಯವರ ಲಗ್ನಪತ್ರಿಕೆ. ನೆತ್ತಿಯ ಮೇಲೆ ಗಣಪತಿ ಬೇಕು ಅಂದರು. ನಾನು ಭಕ್ತಿಯಿಂದ ಕೆತ್ತಿದೆ, ಮಗುಚುವುದನ್ನು ಮರೆತೆ. ಎಡಕ್ಕೆ ಇರಬೇಕಾದ ಸೊಂಡಿಲು ಬಲಕ್ಕೆ ತಿರುಗಿತು. ನಾಲ್ಕು ಕಟ್ಟು ಪತ್ರಿಕೆ ಅಚ್ಚಾಗಿ, ಮೂಲೆಗಳಿಗೆ ಅರಿಶಿನವೂ ಹಚ್ಚಿ ಆದ ಮೇಲೆ ಹೆಣ್ಣಿನ ತಂದೆ ಬಂದು ನೋಡಿ ಎದೆ ಹಿಡಿದುಕೊಂಡರು.

"ಬಲಮುರಿ ಗಣಪತಿ ಕಣ್ರೀ ಇದು! ಇದಕ್ಕೆ ಎಷ್ಟು ಮಡಿ ಗೊತ್ತೇನ್ರೀ? ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಊರೆಲ್ಲ ಮುಟ್ಟೋ ಪತ್ರಿಕೆ ಮೇಲೆ ಇದನ್ನ ಕೂರಿಸಿದ್ದೀರಲ್ರೀ!"

ರಾಯರು ಕೈ ಮುಗಿದು, ಬಾಯಿ ಮುಚ್ಚಿಕೊಂಡು, ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಿಕೊಟ್ಟರು. ಹೆಣ್ಣಿನ ತಂದೆ ಹೋದ ಮೇಲೆ ಬಾಯಿ ತೆರೆದರು. ಅದನ್ನಿಲ್ಲಿ ಬರೆಯುವಂತಿಲ್ಲ. ಮಾರನೇ ದಿನ ತಮ್ಮ ಗಡ್ಡ ಹೆರೆಯುವ ಕನ್ನಡಿಯನ್ನು ತಂದು ನನ್ನ ಮುಂದಿಟ್ಟು, "ಇನ್ಮೇಲೆ ಏನೇ ಮಾಡಿದ್ರೂ ಕನ್ನಡೀಲಿ ನೋಡ್ಕೊಂಡು ಮಾಡು" ಅಂದರು. ಕೆತ್ತಿದ ಬ್ಲಾಕನ್ನು ಕನ್ನಡಿಯಲ್ಲಿ ನೋಡಿದರೆ ಕಾಗದದ ಮೇಲೆ ಹೇಗೆ ಬೀಳುತ್ತದೆಂದು ತಿಳಿಯುತ್ತದೆ ಎಂಬುದು ಅವರ ಅರ್ಥ. ನಾನು ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. ಏನೇ ಮಾಡಿದರೂ ಕನ್ನಡಿಯಲ್ಲಿ ನೋಡಿಕೊಂಡು ಮಾಡಿದೆ.

ಪಂಕಜಮ್ಮ ಮೇಡಂ ಪ್ರೆಸ್ಸಿಗೆ ಬಂದದ್ದು ಇದಾಗಿ ಎರಡು ವರ್ಷಕ್ಕೆ. ಹತ್ತಿರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಹೊಲಿಗೆ ಹೇಳಿಕೊಡುತ್ತಿದ್ದರು. ನಲವತ್ತರ ಆಸುಪಾಸು, ಒಬ್ಬರೇ ಇದ್ದರು. ತೆಳ್ಳಗೆ, ಕೈಮಗ್ಗದ ಸೀರೆ, ಮಾತು ಕಡಿಮೆ. ನಾಲ್ಕು ನೋಟ್‌ಬುಕ್ಕುಗಳನ್ನು ರಾಯರ ಮೇಜಿನ ಮೇಲಿಟ್ಟರು. ಅಕ್ಷರ ಎಂದರೆ ಅಕ್ಷರ. ಅಳತೆ ಹಿಡಿದು ಬರೆದಂತೆ ಒಂದರ ಪಕ್ಕ ಒಂದು. ಕೈಬರಹ ನೋಡಿದರೆ ಸಿಡಿಮಿಡಿಗೊಳ್ಳುವ ದೊರೆಸ್ವಾಮಿ ಕೂಡ ಕನ್ನಡಕ ಸರಿಮಾಡಿಕೊಂಡು, "ಇದನ್ನ ಕಣ್ಮುಚ್ಚಿ ಜೋಡಿಸ್ಬೋದು ಸಾಮಿ" ಅಂದರು.

ಅದು ಒಂದು ಕಾದಂಬರಿ. ಹೊಲಿಗೆ ಪೀರಿಯಡ್ಡಿನಲ್ಲಿ ಹುಡುಗಿಯರು ಮಾತಾಡದೆ ಕೂತಿರಲಿ ಎಂದು ವಾರವಾರ ಹೇಳಿದ ಕಥೆಯನ್ನೇ ಬರೆದದ್ದು. ಚಂಪಾ ಎಂಬ ಹದಿನೈದರ ಹುಡುಗಿ ಪ್ರತಿದಿನ ನಿದ್ದೆ ಹೋದಾಗ ನಿದ್ದೆಯೂರು ಎಂಬ ಊರಿಗೆ ಹೋಗುತ್ತಾಳೆ. ಅಲ್ಲಿ ಒಬ್ಬಳು ಕಿನ್ನರಿ ಮಗ್ಗದ ಮುಂದೆ ಕೂತು ಲೋಕದ ಕನಸುಗಳನ್ನೆಲ್ಲ ನೂಲಿನಿಂದ ನೇಯುತ್ತಾಳೆ. ಸಂತೆಯ ದಿನ ಬಂದವರಿಗೆಲ್ಲ ಒಂದೊಂದು ನೂಲಿನುಂಡೆ ಕೊಡುತ್ತಾಳೆ. ಅದೇ ಆ ದಿನದ ಕನಸು. ಒಬ್ಬ ಕಳ್ಳ ಆ ಉಂಡೆಗಳನ್ನು ಕದಿಯತೊಡಗುತ್ತಾನೆ, ಊರ ಮಕ್ಕಳಿಗೆ ಕನಸೇ ಬೀಳದಂತಾಗುತ್ತದೆ. ಕೊನೆಗೆ ಅವನು ಕಿನ್ನರಿಯ ವೇಷವನ್ನೇ ಹಾಕಿಕೊಂಡು ಬಂದು ನಿಲ್ಲುತ್ತಾನೆ.

"ವಾರ್ಷಿಕೋತ್ಸವದ ದಿನ ಪುಸ್ತಕ ಕೈಲಿರಬೇಕು ರಾಯರೇ" ಅಂದರು ಮೇಡಂ. "ಎಸ್ಸೆಸ್ಸೆಲ್ಸಿ ಹುಡುಗೀರಿಗೋಸ್ಕರ ಬರೆದಿದ್ದು. ಪರೀಕ್ಷೆ ಮುಗಿದ್ರೆ ಅರ್ಧ ಜನಕ್ಕೆ ಮದುವೆ ಮಾಡ್ಬಿಡ್ತಾರೆ. ಆಮೇಲೆ ಅವರ ಕೈಗೆ ಕನಸಿನ ಪುಸ್ತಕ ಕೊಡೋರು ಯಾರೂ ಇರಲ್ಲ."

ರಾಯರು ಒಪ್ಪಿಕೊಂಡರು. ಕಥೆಯ ಒಳಗೆ ಐದು ಚಿತ್ರ, ಕೊನೆಯ ಅಧ್ಯಾಯಕ್ಕೆ ಒಂದು. ಆರೂ ನನ್ನ ತಲೆಗೆ ಬಂತು.

ನಾನು ಕಿನ್ನರಿಯನ್ನು ಕಂಡವನಲ್ಲ. ನಮ್ಮೂರಿನ ಹುಣಸೆಮರದಲ್ಲಿ ಇದ್ದದ್ದು ಮೋಹಿನಿ ಮಾತ್ರ, ಅವಳಿಗೆ ರೆಕ್ಕೆ ಇತ್ತೆಂದು ಯಾರೂ ಹೇಳಿರಲಿಲ್ಲ. ರಾಯರು ರೆಕ್ಕೆ ಬೇಕೇ ಬೇಕು ಅಂದರು. ಮೇಡಂ ಬೇಡ ಅಂದರು. "ಮಗ್ಗದ ಮುಂದೆ ಕೂತು ಕೆಲಸ ಮಾಡೋಳಿಗೆ ರೆಕ್ಕೆ ಅಡ್ಡ ಬರಲ್ವಾ?" ಇಬ್ಬರನ್ನೂ ಒಲಿಸಲು ನಾನು ಕೆರೆ ದಂಡೆಯ ಮೇಲೆ ಕೂತು ಏರೋಪ್ಲೇನ್ ಚಿಟ್ಟೆಗಳನ್ನು ನೋಡಿ ನೋಡಿ ಚಿಕ್ಕ ರೆಕ್ಕೆ ಬರೆದೆ. ರಾಯರು ಕಾಗದವನ್ನು ದೂರ ಹಿಡಿದು, "ಇದ್ಯಾಕಯ್ಯ, ಬೆನ್ನಿಗೆ ಎರಡು ಮೊರ ಕಟ್ಕೊಂಡಿದ್ದಾಳೆ?" ಎಂದು ಕೇಳಿದರು. ರೆಕ್ಕೆ ಅಲ್ಲಿಗೆ ಬಿಟ್ಟುಹೋಯಿತು. ಮೇಡಂ ಗೆದ್ದರು.

ಕಿನ್ನರಿಯ ನಿಲುವಿಗೆ ನನ್ನ ತಂಗಿ ಜಯಮ್ಮನನ್ನು ನಿಲ್ಲಿಸಿದೆ. ಅಂಗಳದಲ್ಲಿ ರಾಗಿ ಮೂಟೆಗೆ ಒರಗಿಸಿ ಕನ್ನಡಿ ಇಟ್ಟೆ. ಅವಳ ಬಲಗೈಗೆ ಒಂದು ಈರುಳ್ಳಿ ಕೊಟ್ಟು, ಯಾರಿಗೋ ನೀಡುವಂತೆ ಚಾಚಲು ಹೇಳಿದೆ. ನೂಲಿನುಂಡೆ ಮನೆಯಲ್ಲಿ ಇರಲಿಲ್ಲ.

"ಅಣ್ಣಾ, ಕೈ ನೋಯ್ತಾ ಐತೆ. ಈರುಳ್ಳಿ ಯಾರ್ಗ್ ಕೊಡ್ಬೇಕು ನಾನು?"

"ಲೋಕದ ಮಕ್ಕಳಿಗೆ. ಸುಮ್ನೆ ನಿಂತ್ಕೊ."

"ಲೋಕದ್ ಮಕ್ಳು ಆಮೇಲ್ ಬರ್ಲಿ, ಅವ್ವ ಸಾರಿಗೆ ಕೇಳ್ತಾವ್ಳೆ."

ಗಣಪತಿಯ ಭಯ ಇನ್ನೂ ಮೈಯಲ್ಲಿತ್ತು. ಆದ್ದರಿಂದ ತಂಗಿಯನ್ನು ನೋಡಿ ಬರೆಯಲಿಲ್ಲ, ಕನ್ನಡಿಯಲ್ಲಿನ ತಂಗಿಯನ್ನು ನೋಡಿ ಬರೆದೆ. ಕನ್ನಡಿ ಆಗಲೇ ಎಡಬಲ ತಿರುಗಿಸಿಕೊಟ್ಟಿತ್ತು. ಅದನ್ನು ನೇರವಾಗಿ ಮರಕ್ಕೆ ಇಳಿಸಿದ್ದರೆ ಎಲ್ಲ ಸರಿಯಿರುತ್ತಿತ್ತು. ಆದರೆ ನಾನು ಜಾಗರೂಕ ಮನುಷ್ಯ. ಪ್ರೆಸ್ಸಿಗೆ ಬಂದು, ಈ ಸಲ ಮರೆಯಬಾರದೆಂದು ಮನಸ್ಸಿನಲ್ಲೇ ಹೇಳಿಕೊಂಡು, ಕಾಗದವನ್ನು ಮತ್ತೊಮ್ಮೆ ಮಗುಚಿದೆ. ಒಂದು ಸಲ ತಿರುಗಿಸಬೇಕಾದ್ದನ್ನು ಎರಡು ಸಲ ತಿರುಗಿಸಿ ಐದೂ ಚಿತ್ರ ಕೆತ್ತಿ ಮುಗಿಸಿದೆ. ತಪ್ಪು ಮಾಡದಿರಲು ಇಷ್ಟು ಕಷ್ಟಪಟ್ಟು ತಪ್ಪು ಮಾಡಿದವನು ಆ ಇಡೀ ಬಡಾವಣೆಯಲ್ಲಿ ಇನ್ನೊಬ್ಬ ಇರಲಾರ.

ಚಿತ್ರಗಳನ್ನು ಸೇರಿಸಿ ಪ್ರೂಫ್ ತೆಗೆದು ಮೇಡಂ ಮನೆಗೆ ಕಳಿಸಿದೆವು. ದೊರೆಸ್ವಾಮಿ ಅಕ್ಷರ ಬಿಟ್ಟರೆ ಬೇರೇನೂ ನೋಡುವವರಲ್ಲ. ರಾಯರಿಗೆ ಜ್ವರ ಬಂದಿತ್ತು. ಎರಡನೇ ದಿನ ಮೇಡಂ ತಾವೇ ಬಂದರು.

"ಈ ಚಿತ್ರ ಬರೆದಿದ್ದು ಯಾರು?"

"ನಾನೇ ಮೇಡಂ."

ಅವರು ನನ್ನನ್ನೊಮ್ಮೆ, ಕೈಯಲ್ಲಿದ್ದ ಪ್ರೂಫನ್ನೊಮ್ಮೆ ನೋಡಿದರು. ಏನೋ ಹೇಳಲು ಹೊರಟು ನಿಲ್ಲಿಸಿದರು. "ಹೀಗೇ ಇರಲಿ. ಇಷ್ಟನ್ನೂ ಅಚ್ಚು ಹಾಕಿಬಿಡಿ. ಕೊನೇ ಅಧ್ಯಾಯ ಮಾತ್ರ ಸ್ವಲ್ಪ ಬದಲಾಯಿಸ್ಬೇಕು, ನಾಲ್ಕು ದಿನ ಕೊಡಿ" ಎಂದು ನಾಲ್ಕನೇ ನೋಟ್‌ಬುಕ್ ತೆಗೆದುಕೊಂಡು ಹೋದರು. ಪ್ರೂಫಿನ ಪ್ರತಿ ಪುಟದ ಮೇಲೂ ಅವರ ಸಹಿ ಇತ್ತು.

ಜ್ವರ ಬಿಟ್ಟು ಎದ್ದು ಬಂದ ರಾಯರು ಆ ಪ್ರೂಫ್ ಕೈಗೆತ್ತಿಕೊಂಡು ಅಲ್ಲೇ ಕೂತರು.

"ಮುನಿರಾಜು."

"ರಾಯರೇ."

"ನಿಮ್ಮನೇಲಿ ಯಾರಿಗಾದ್ರೂ ಏನಾದ್ರೂ ಕೊಡೋದಾದ್ರೆ ಯಾವ ಕೈಲಿ ಕೊಡ್ತಾರೆ?"

ಐದು ಚಿತ್ರ, ಐದರಲ್ಲೂ ಕಿನ್ನರಿ ಸಂತೆಗೆ ಬಂದವರಿಗೆ ಎಡಗೈಯಲ್ಲಿ ಕನಸು ಹಂಚುತ್ತಿದ್ದಳು. ಮೇಡಂ ದೊಡ್ಡ ಮನುಷ್ಯರು, ನನ್ನ ಮುಖ ನೋಡಿ ಬೈಯಲು ಮನಸ್ಸಾಗದೆ ಹೋಗಿರಬೇಕು. ಕೊನೆಯ ಅಧ್ಯಾಯ ಎಂಬುದು ನೆಪ, ನೋಟ್‌ಬುಕ್ ವಾಪಸ್ ತೆಗೆದುಕೊಂಡು ಬೇರೆ ಪ್ರೆಸ್ಸಿಗೆ ಹೋಗುತ್ತಾರೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಬಾಯಿ ಬಿಟ್ಟು ಕೇಳಿದ್ದರೆ ಎರಡು ನಿಮಿಷದ ಕೆಲಸ. ಅವರ ಮನೆ ಮೂರು ರಸ್ತೆ ಆಚೆ ಇತ್ತು.

ಕೇಳಲಿಲ್ಲ. ಕೀಸುಳಿ ಹಾಕಿ ಹಳೆಯ ಐದು ಬ್ಲಾಕುಗಳ ಮುಖ ನುಣ್ಣಗೆ ಹೆರೆದುಬಿಟ್ಟೆ. ಅದೇ ಮರದ ಮೇಲೆ ಮೂರು ದಿನದಲ್ಲಿ ಐದು ಬಲಗೈ ಕಿನ್ನರಿಯರನ್ನು ಕೆತ್ತಿದೆ. ಎಡಗೈ ಹೆಬ್ಬೆರಳು ಸೀಳಿತು, ಬಟ್ಟೆ ಸುತ್ತಿಕೊಂಡು ಕೆತ್ತಿದೆ. ನಾಲ್ಕನೇ ದಿನಕ್ಕೆ ಕೊನೆಯ ಅಧ್ಯಾಯ ಬಿಟ್ಟು ಪುಟಗಳ ಅಷ್ಟೂ ಫಾರಂ ಅಚ್ಚಾಗಿ, ಮೊಳೆ ಬಿಚ್ಚಿ ಆಯಿತು. ಅಚ್ಚಾದ ಹಾಳೆಗಳ ಅಟ್ಟಿಯ ಪಕ್ಕ ನಿಂತು, ಮೇಡಂ ಬಂದು ಮೆಚ್ಚಿಕೊಳ್ಳುತ್ತಾರೆಂದು ಕಾಯುತ್ತಿದ್ದೆ.

ಈ ಕಸುಬಿಗೆ ಬರುವವರಿಗೆ ನಾನು ಹೇಳುವ ಒಂದೇ ಬುದ್ಧಿಮಾತು ಇದು: ಬರೆದವರು ನೋಡಿ ಸಹಿ ಹಾಕಿದ ಪ್ರೂಫಿನ ಮೇಲೆ ಕೈ ಹಾಕಬೇಡಿ. ಸಂಶಯ ಬಂದರೆ ಹೋಗಿ ಕೇಳಿ. ನಾಚಿಕೆಯಾದರೂ ಕೇಳಿ.

ಮೇಡಂ ಹೊಸ ಅಧ್ಯಾಯ ಹಿಡಿದುಕೊಂಡು ಬಂದರು. ಅಂದು ಅವರು ನಗುತ್ತಿದ್ದರು. ನಾನು ಅವರ ನಗು ನೋಡಿದ್ದು ಅದೇ ಮೊದಲು. ಅಟ್ಟಿಯಿಂದ ಒಂದು ಹಾಳೆ ತೆಗೆದು ನೋಡಿದರು. ಇನ್ನೊಂದು ತೆಗೆದರು. ಆಮೇಲೆ ದೊರೆಸ್ವಾಮಿಯ ಸ್ಟೂಲಿನ ಮೇಲೆ ಕೂತರು.

"ತಿದ್ದಿಬಿಟ್ರಾ?"

"ಹೂಂ ಮೇಡಂ. ತಪ್ಪಾಗಿತ್ತು. ಕನ್ನಡಿ ನೋಡಿ ಬರೆದು, ಮತ್ತೆ ಕಾಗದ ಮಗುಚಿ..." ಎಂದು ನನ್ನ ಘನಕಾರ್ಯವನ್ನು ವಿವರಿಸತೊಡಗಿದೆ.

"ಅದು ತಪ್ಪಾಗಿದ್ದಾ?" ಅಂದರು. "ನೀವು ಬೇಕು ಅಂತಲೇ ಹಾಗೆ ಬರೆದ್ರಿ ಅಂದ್ಕೊಂಡಿದ್ದೆ. ಇದು ಇವರಿಗೆ ಹೇಗೆ ಗೊತ್ತಾಯ್ತು ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದ್ದೀನಿ."

ಏನು ಗೊತ್ತಾಗಬೇಕಿತ್ತೋ ನನಗೆ ಆಗಲೂ ಗೊತ್ತಾಗಲಿಲ್ಲ. ಶೆಡ್ಡಿಗೆ ಬಂದ ರಾಯರೂ ಬಾಗಿಲಲ್ಲೇ ನಿಂತರು. ಮೇಡಂ ಹಾಳೆಯಿಂದ ಕಣ್ಣೆತ್ತದೆ ಹೇಳಿದರು.

"ನಾನು ಎಡಚಿ ರಾಯರೇ. ಹುಟ್ಟಿದಾಗಿಂದ. ಊಟಕ್ಕೆ ಕೂತಾಗ ನಮ್ಮಜ್ಜಿ ನನ್ನ ಎಡಗೈನ ಹಳೇ ಸೀರೆ ಚೂರಿನಿಂದ ಕಂಬಕ್ಕೆ ಕಟ್ಟಿ ಹಾಕೋರು. ಬರೆಯೋವಾಗಲೂ ಅಷ್ಟೆ. ಎಲ್ಲರೂ ಹೊಗಳ್ತೀರಲ್ಲ ನನ್ನ ಅಕ್ಷರ ಚೆನ್ನಾಗಿದೆ ಅಂತ, ಅದು ಆ ಕಂಬದ ಹತ್ತಿರ ಕಲಿತಿದ್ದು."

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅಜ್ಜಿ ಹೋದ್ರು, ಈಗ ನಾನೇ ಅದನ್ನ ಮಾಡ್ತಿದ್ದೀನಿ. ನನ್ನ ಕ್ಲಾಸಲ್ಲಿ ಗೌರಿ ಅಂತ ಒಬ್ಬಳಿದ್ದಾಳೆ, ಎಡಗೈಲಿ ಬರೀತಾಳೆ. ಇನ್ಸ್‌ಪೆಕ್ಷನ್ ಬರುತ್ತೆ, ಯಾರೂ ಹಾಗೆ ಬರೀಬಾರ್ದು ಅಂತ ಹೆಡ್‌ಮಿಸ್ಟ್ರೆಸ್ ಹೇಳಿದ್ರು. ನಾನು ರೂಲರ್ ತಗೊಂಡು ಅವಳ ಬೆರಳಗಂಟಿನ ಮೇಲೆ ಹೊಡೆದೆ. ಅಳಲಿಲ್ಲ ಅವಳು, ಸುಮ್ನೆ ನನ್ನ ನೋಡಿದ್ಲು. ನಿಮ್ಮ ಪ್ರೂಫ್ ನಮ್ಮನೆಗೆ ಬಂದಿದ್ದು ಅವತ್ತೇ ಸಾಯಂಕಾಲ."

ಸೆರಗಿನಿಂದ ಮುಖ ಒರೆಸಿಕೊಂಡರು. "ಕನಸಲ್ಲಿ ನಾನು ಈಗಲೂ ಎಡಗೈಲೇ ಬರೀತೀನಿ ಮುನಿರಾಜು. ಎಷ್ಟು ಸಲೀಸಾಗಿ ಬರುತ್ತೆ ಗೊತ್ತಾ."

ಹೊಸ ಅಧ್ಯಾಯವನ್ನು ಅವರು ಹೀಗೆ ಬರೆದಿದ್ದರು. ಕೊನೆಯಲ್ಲಿ ನಿಜವಾದ ಕಿನ್ನರಿ, ವೇಷದ ಕಳ್ಳ, ಇಬ್ಬರೂ ಚಂಪಾಳ ಮುಂದೆ ನಿಲ್ಲುತ್ತಾರೆ. ಇಬ್ಬರೂ ನೂಲಿನುಂಡೆ ಚಾಚುತ್ತಾರೆ, ಕಳ್ಳ ಬಲಗೈಯಲ್ಲಿ, ಕಿನ್ನರಿ ಎಡಗೈಯಲ್ಲಿ. ಕಿನ್ನರಿ ಯಾವಾಗಲೂ ಎಡಗೈಯಲ್ಲಿ ಕೊಡುವವಳು ಎಂಬುದನ್ನು ನೆನಪಿಸಿಕೊಂಡು ಚಂಪಾ ಸರಿಯಾದವಳನ್ನು ಗುರುತಿಸುತ್ತಾಳೆ. ಗೌರಿಗೆ ಹೇಳಬೇಕಾದ್ದನ್ನು ಮೇಡಂ ಆ ಕೈಯಲ್ಲಿ ಇಟ್ಟಿದ್ದರು. ಈಗ ನನ್ನ ತಿದ್ದಿದ ಚಿತ್ರಗಳಲ್ಲಿ ಕಿನ್ನರಿ ಐದೂ ಸಲ ಬಲಗೈ ಚಾಚಿದ್ದಳು. ಪುಸ್ತಕ ಓದಿದ ಯಾವ ಹುಡುಗಿಯಾದರೂ ಕಳ್ಳನನ್ನೇ ಕಿನ್ನರಿ ಅಂದುಕೊಳ್ಳುತ್ತಿದ್ದಳು.

ರಾಯರು ನನ್ನನ್ನು ಬ್ಲಾಕಿನಂತೆ ಹೆರೆದು ಹಾಕುವವರ ಹಾಗೆ ನೋಡಿದರು. ಆದರೆ ಅವರ ದನಿ ಮೆತ್ತಗಿತ್ತು. "ಮತ್ತೆ ಹಾಕೋಣ ಅಂದ್ರೆ ಕಾಗದ ಇಲ್ಲಮ್ಮ. ಕೊನೇ ಫಾರಂಗೆ ಆಗೋಷ್ಟೇ ಇರೋದು. ಮೊಳೆ ಎಲ್ಲ ಬಿಚ್ಚಿ ಆಗಿದೆ. ವಾರ್ಷಿಕೋತ್ಸವಕ್ಕೆ ಇನ್ನು ಎಂಟೇ ದಿನ."

"ಹಳೇ ಅಧ್ಯಾಯನೇ ಹಾಕ್ಬಿಡಿ ಹಾಗಾದ್ರೆ" ಅಂದರು ಮೇಡಂ. ಅದರಲ್ಲಿ ಕೈಯ ಮಾತೇ ಇರಲಿಲ್ಲ. ಹಣೆಯ ಮೇಲಿನ ಮಚ್ಚೆ ನೋಡಿ ಚಂಪಾ ಕಿನ್ನರಿಯನ್ನು ಗುರುತಿಸುತ್ತಿದ್ದಳು. ಎದ್ದು ನಿಂತರು. ನನಗೆ ಅವತ್ತು ಆದಷ್ಟು ಅವಮಾನ, ದುಃಖ ಆಮೇಲೆ ಯಾವತ್ತೂ ಆಗಿಲ್ಲ. ನಮ್ಮ ತಂದೆ ಹೋದ ದಿನ ಬಿಟ್ಟು.

ಆಗ ಬಾಯಿ ಬಿಟ್ಟದ್ದು ದೊರೆಸ್ವಾಮಿ. ಆ ಮನುಷ್ಯ ಜೋಡಿಸಿದ ಕಥೆಯನ್ನು ಓದುತ್ತಾರೆಂದೇ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮಾ, ಒಂದ್ ಮಾತು. ಈ ಐದು ಪಟದಲ್ಲೂ ಆಯಮ್ಮ ಸಂತೇಲಿ ಅಲ್ವಾ ಇರೋದು? ಜನ ಎಲ್ಲ ನೋಡ್ತಾ ಇರ್ತಾರೆ. ನೀವೂ ಜನದ ಮುಂದೆ ಬಲಗೈಲೇ ಅಲ್ವಾ ಬರಿಯೋದು?"

ಮೇಡಂ ಅವರನ್ನೇ ನೋಡುತ್ತ ನಿಂತರು. ನಿಧಾನವಾಗಿ ಮತ್ತೆ ಸ್ಟೂಲಿನ ಮೇಲೆ ಕೂತರು. "ಒಂದು ಪೆನ್ಸಿಲ್ ಕೊಡಿ" ಅಂದರು.

ದೊರೆಸ್ವಾಮಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕೊಟ್ಟರು. ಮೇಡಂ ಬಲಗೈಯಲ್ಲಿ ತೆಗೆದುಕೊಂಡು, ಕಾಗದದ ಮೇಲಿಟ್ಟರು. ಆಮೇಲೆ ಪೆನ್ಸಿಲನ್ನು ಎಡಗೈಗೆ ದಾಟಿಸಿದರು. ರಾಯರು ಹೆಂಡತಿಗೆ ಕಾಫಿ ಕಳಿಸಲು ಹೇಳುತ್ತೇನೆಂದು ಹೊರಗೆ ಹೋದರು. ಅವರೇ ಲೋಟ ಹಿಡಿದುಕೊಂಡು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡು ಗಂಟೆ ಬರೆದರು. ಒಂದನೇ ತರಗತಿಯ ಮಗು ಬರೆದ ಹಾಗಿತ್ತು. ಸಾಲು ಏರುತ್ತಿತ್ತು, ಇಳಿಯುತ್ತಿತ್ತು, ಒತ್ತಕ್ಷರಗಳು ಎಲ್ಲೆಲ್ಲೋ ಜೋತಾಡುತ್ತಿದ್ದವು. ಕೈಬರಹ ಸರಿಯಿಲ್ಲದಿದ್ದರೆ ವಿದ್ವಾಂಸರ ಮುಖಕ್ಕೇ ಹಾಳೆ ಎಸೆಯುವ ದೊರೆಸ್ವಾಮಿ ಒಂದೊಂದು ಪುಟ ಮುಗಿದಂತೆಲ್ಲ ಕೈಯಿಂದ ತೆಗೆದುಕೊಂಡು, ಒಂದು ಪದವನ್ನೂ ಏನೆಂದು ಕೇಳದೆ ಜೋಡಿಸಿದರು.

ಹೊಸದರಲ್ಲಿ ಹೀಗಾಯಿತು. ಸಂತೆ ಮುಗಿದು ಎಲ್ಲರೂ ಹೋಗಿದ್ದಾರೆ. ಕಳ್ಳ ಕಿನ್ನರಿಯನ್ನು ಸಂತೆಯಲ್ಲಿ ಮಾತ್ರ ನೋಡಿದವನು. ಅವಳಂತೆಯೇ ಉಟ್ಟು, ಅವಳಂತೆಯೇ ನಕ್ಕು, ಬಲಗೈಯಲ್ಲಿ ನೂಲಿನುಂಡೆ ಚಾಚುತ್ತಾನೆ. ಎಲ್ಲ ಸರಿಯಾಗಿದೆ. ಇನ್ನೊಬ್ಬಳು ಹಿಂಜರಿಯುತ್ತಾಳೆ, ಸುತ್ತ ನೋಡುತ್ತಾಳೆ, ಎಡಗೈ ಮುಂದೆ ಮಾಡುತ್ತಾಳೆ. 'ಮಗು, ಸಂತೆಯಲ್ಲಿ ನೋಡುವವರಿದ್ದರು, ಅದಕ್ಕೆ ಆ ಕೈ. ನಾನು ನೇಯುವುದು ಈ ಕೈಯಲ್ಲಿ. ಇದನ್ನು ಇದುವರೆಗೆ ಯಾರಿಗೂ ತೋರಿಸಿರಲಿಲ್ಲ' ಅನ್ನುತ್ತಾಳೆ. ಕಳ್ಳ ತಾನು ಕಂಡದ್ದನ್ನು ಮಾತ್ರ ಕದಿಯಬಲ್ಲ, ಕಾಣದ್ದನ್ನು ಕದಿಯಲಾರ ಎಂದು ಚಂಪಾಳಿಗೆ ಹೊಳೆಯುತ್ತದೆ. ಅವಳು ಆ ಎಡಗೈ ಹಿಡಿದುಕೊಳ್ಳುತ್ತಾಳೆ.

ಆ ಚಿತ್ರವನ್ನು ಕೆತ್ತಬೇಕಾದವನು ನಾನೇ. ಎಡಗೈ ಎಡಗೈಯಾಗಿಯೇ ಬೀಳಬೇಕು. ಕನ್ನಡಿಯನ್ನು ರಾಯರಿಗೆ ವಾಪಸ್ ಕೊಟ್ಟೆ. ಮನೆಯಲ್ಲಿ ಜಯಮ್ಮ ಎಡಗೈ ಚಾಚಲು ಖಂಡಿತ ಒಪ್ಪಲಿಲ್ಲ. "ಎಡ್ಗೈಲಿ ಕೊಟ್ರೆ ಶನಿ ಹೆಗ್ಲೇರ್ತಾನೆ ಅಂತ ಅವ್ವ ಹೊಡೀತಾಳೆ, ನಾನ್ ನಿಲ್ಲಕಿಲ್ಲ." ಕೊನೆಗೆ ನಮ್ಮವ್ವ ಹೊಲಕ್ಕೆ ಹೋಗಿದ್ದಾಗ, ಮೇಡಂ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಈರುಳ್ಳಿಯನ್ನು ಎಡಗೈಗೆ ತೆಗೆದುಕೊಂಡು ಕೈ ಸೋಲುವವರೆಗೆ ನಿಂತಳು. ಕಾಗದವನ್ನು ಒಂದೇ ಸಲ ಮಗುಚಿದೆ. ನನ್ನ ಇಡೀ ವೃತ್ತಿಯಲ್ಲಿ, ಹೇಗೆ ಬರಬೇಕೆಂದು ಅಂದುಕೊಂಡೆನೋ ಹಾಗೇ ಬಂದ ಮೊದಲ ಬ್ಲಾಕ್ ಅದು. ಎರಡನೆಯದು ಯಾವುದೆಂದು ಕೇಳಿದರೆ ಯೋಚಿಸಿ ಹೇಳಬೇಕಾಗುತ್ತದೆ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಪುಸ್ತಕಗಳ ಹೊಲಿಗೆ ಮುಗಿಯಿತು. ಅಂಟು ಇನ್ನೂ ಹಸಿಯಿದ್ದ ಪುಸ್ತಕದ ಕಟ್ಟುಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಶಾಲೆಗೆ ಮುಟ್ಟಿಸಿದೆ. ಸಾಯಂಕಾಲ ನಾಲ್ಕಕ್ಕೆ ಶಾಮಿಯಾನದ ಕೆಳಗೆ ರಾಯರು, ದೊರೆಸ್ವಾಮಿ, ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಬಿಟ್ಟು ಹೋಗುವ ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ಅವರವರ ಕ್ಲಾಸ್ ಟೀಚರೇ ವೇದಿಕೆಯ ಮೇಲೆ ಪುಸ್ತಕ ಕೊಡುವುದೆಂದು ಇತ್ತು. ಪಂಕಜಮ್ಮ ಮೇಡಂ ಹೆಸರು ಕರೆಯುತ್ತಿದ್ದರು, ಬಲಗೈಯಲ್ಲಿ ಕೊಡುತ್ತಿದ್ದರು. ಹುಡುಗಿಯರು ಬಲಗೈಯಲ್ಲಿ ತೆಗೆದುಕೊಂಡು, ನಮಸ್ಕಾರ ಮಾಡಿ ಇಳಿಯುತ್ತಿದ್ದರು. ವೇದಿಕೆಯ ಮೇಲೆ ಹಿಂದಿನ ಕುರ್ಚಿಗಳಲ್ಲಿ ಹೆಡ್‌ಮಿಸ್ಟ್ರೆಸ್ಸು, ಇನ್ಸ್‌ಪೆಕ್ಟರು, ಊರಿನ ದೊಡ್ಡವರು ಕೂತಿದ್ದರು.

"ಗೌರಿ" ಎಂದು ಕರೆದರು.

ಎರಡು ಜಡೆಯ ಒಬ್ಬಳು ಹುಡುಗಿ ಮೆಟ್ಟಿಲು ಹತ್ತಿ ಬಂದಳು. ತಲೆ ತಗ್ಗಿಸಿ, ಎಡಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡು, ಕಲಿಸಿದ ಹಾಗೆ ಬಲಗೈ ಚಾಚಿದಳು.

ಮೇಡಂ ಪುಸ್ತಕವನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡರು. ಅಷ್ಟು ಜನರ ಮುಂದೆ, ಎಡಗೈಯನ್ನು ಅವಳ ಕಡೆ ಚಾಚಿ ನಿಂತರು. ಕುರ್ಚಿಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ನನ್ನ ಪಕ್ಕದಲ್ಲಿ ರಾಯರು ಕುರ್ಚಿಯ ಅಂಚಿಗೆ ಬಂದು ಕೂತರು. ಗೌರಿ ಆ ಕೈ ನೋಡಿದಳು, ಮೇಡಂ ಮುಖ ನೋಡಿದಳು. ಅವಳ ಬಲಗೈ ಗಾಳಿಯಲ್ಲೇ ನಿಂತಿತ್ತು.

ಆಮೇಲೆ ಅವಳು ಬಲಗೈ ಕೆಳಗಿಳಿಸಿದಳು. ಲಂಗದ ಮಡಿಕೆಯಿಂದ ಎಡಗೈ ಹೊರಗೆ ತೆಗೆದು ಪುಸ್ತಕ ಹಿಡಿದಳು. ಬೆರಳಗಂಟಿನ ಮೇಲೆ ರೂಲರಿನ ಗುರುತು ಇತ್ತೋ ಇಲ್ಲವೋ, ನಾನು ಕೂತ ಜಾಗದಿಂದ ಕಾಣಲಿಲ್ಲ. ಪುಸ್ತಕ ಅವಳ ಕೈಗೆ ಹೋದ ಮೇಲೂ ಮೇಡಂ ಆ ಕೈಯನ್ನು ಹಿಡಿದೇ ಇದ್ದರು.